ಅಶೋಕ್ ಕುಮಾರ್ ಎಂದರೆ ಯಾರು?



2025ರ ಆಗಮನಕಾಲದಲ್ಲಿ ಕೆಲವು ಕನ್ನಡ ಕುಟುಂಬಗಳಿಗೆ ಧ್ಯಾನಕೂಟ ನಡೆಸಿಕೊಡಲು ನಾನು ಹಿಂದೂಪುರಕ್ಕೆ ಹೋಗಿದ್ದೆ. ಮೂರನೆಯ ದಿನ ರಾತ್ರಿ ಊಟ ಮುಗಿಸಿ ಏಳುವಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಕಲ್ಯಾಣದುರ್ಗದಿಂದ ಕರೆ. ಬಹಳ ವರ್ಷಗಳಿಂದ ನನಗೆ ಪರಿಚಯವಿರುವ ಮನೆಯವರು. ಮೊದಲು ಪಾವಗಡ ಕಡೆಯ ಒಂದು ಹಳ್ಳಿಯಲ್ಲಿದ್ದು, ಆಮೇಲೆ ಕಡಲೆಕಾಯಿ ವ್ಯಾಪಾರಕ್ಕೆಂದು ಕಲ್ಯಾಣದುರ್ಗ ಸೇರಿದವರು. ತಾಯಿ ಅಳುತ್ತಿದ್ದರು. "ಫಾದರ್, ಮಗನನ್ನು ಜೈಲಿಗೆ ಹಾಕ್ತಾರಂತೆ."

ಮಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಯಾರಿಗೂ ಎದುರು ಮಾತನಾಡದ ಸ್ವಭಾವ. ಅವನು ಮಾಡಿದ್ದೇನೆಂದರೆ, ಹೊಸ ತೆಲುಗು ಸಿನಿಮಾ ಒಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡದ್ದು. ನವೆಂಬರ್ ತಿಂಗಳಲ್ಲಷ್ಟೇ ಹೈದರಾಬಾದಿನ ಸೈಬರ್ ಪೊಲೀಸರು 'ಐಬೊಮ್ಮ' ಎಂಬ ಕಳ್ಳಚಿತ್ರಗಳ ತಾಣವನ್ನು ನಡೆಸುತ್ತಿದ್ದ ಆರೋಪದ ಮೇಲೆ ಒಬ್ಬರನ್ನು ಬಂಧಿಸಿದ್ದರು. ತೆಲುಗು ಚಾನೆಲ್‌ಗಳಲ್ಲಿ ಹಗಲೂ ರಾತ್ರಿ ಅದೇ ಸುದ್ದಿ. ಆ ಭಯ ಮನೆಯಲ್ಲಿರುವಾಗಲೇ ಒಂದು ಫೋನ್ ಬಂದಿದೆ. "ನಾವು ಸೈಬರ್ ಪೊಲೀಸರು. ನಿಮ್ಮ ಮಗನ ಮೇಲೆ ಸಿನಿಮಾ ಕಂಪನಿ ಕೇಸು ಹಾಕಿದೆ. 40 ಸಾವಿರ ಕಟ್ಟಿದರೆ ಇಲ್ಲಿಗೇ ಮುಗಿಸುತ್ತೇವೆ." ತಂದೆ ಹೆಂಡತಿಯ ಓಲೆಯನ್ನು ಒತ್ತೆ ಇಡಲು ಬೆಳಗಾಗುವುದನ್ನೇ ಕಾಯುತ್ತಿದ್ದರು.

ಒಂದು ರೂಪಾಯಿಯನ್ನೂ ಕಳುಹಿಸಬೇಡಿ ಎಂದೆ. ಯಾವ ಪೊಲೀಸರೂ ಫೋನಿನಲ್ಲಿ ದಂಡ ವಸೂಲು ಮಾಡುವುದಿಲ್ಲ, ಇದು ಮೋಸಗಾರರ ಕೆಲಸ, 1930ಕ್ಕೆ ಕರೆ ಮಾಡಿ ದೂರು ಕೊಡಿ ಎಂದೆ. ಆದರೂ ಅವರ ಧ್ವನಿಯಲ್ಲಿ ಧೈರ್ಯ ಬರಲಿಲ್ಲ. ನಾಳೆ ಬರುತ್ತೇನೆ ಎಂದು ಮಾತು ಕೊಟ್ಟೆ.

ಹಿಂದೂಪುರದಲ್ಲಿ ಸಿನಿಮಾದ ವಿಷಯ ಎಲ್ಲಿಯೂ ದೂರವಲ್ಲ. ಎನ್.ಟಿ. ರಾಮರಾವ್ 1985ರಲ್ಲಿ, ಆಮೇಲೆ ಎರಡು ಸಲ, ಗೆದ್ದ ಕ್ಷೇತ್ರ ಅದು. 2014ರಿಂದ ಅವರ ಮಗ ಬಾಲಕೃಷ್ಣ ಮೂರು ಸಲ ಗೆದ್ದಿದ್ದಾರೆ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಾ ಪಕ್ಕದವರನ್ನು ಸುಮ್ಮನೆ ಕೇಳಿದೆ, "ಸಿನಿಮಾ ಮೊಬೈಲಿನಲ್ಲಿ ನೋಡಿದರೆ ಜೈಲಾ?" ಒಬ್ಬರು ಮೂರು ವರ್ಷ ಎಂದರು. ಇನ್ನೊಬ್ಬರು ನಕ್ಕು, "ಹಾಗಾದರೆ ಹಿಂದೂಪುರವೆಲ್ಲ ಖಾಲಿ ಸ್ವಾಮಿ" ಎಂದರು.

ಪಾವಗಡದ ಮೇಲೆ ಹೋಗುವ ದಾರಿ ಅದು. ಆಂಧ್ರದಿಂದ ಹೊರಟು ಕರ್ನಾಟಕ ದಾಟಿ ಮತ್ತೆ ಆಂಧ್ರ ಸೇರಬೇಕು. ಬಸ್ಸಿನಲ್ಲಿ ಕುಳಿತು, ಈ ವಿಷಯದಲ್ಲಿ ನಾನು ಓದಿ ತಿಳಿದಿದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಆ ಮೂರು ವರ್ಷದ ಮಾತು ಎಲ್ಲಿಂದ ಬಂತು? 2016ರ ಆಗಸ್ಟ್‌ನಲ್ಲಿ ನಿರ್ಬಂಧಿಸಿದ ತಾಣಗಳನ್ನು ತೆರೆದವರಿಗೆ ಪರದೆಯ ಮೇಲೆ ಒಂದು ಎಚ್ಚರಿಕೆ ಕಾಣತೊಡಗಿತು. ಇದನ್ನು ನೋಡಿದರೂ ಇಳಿಸಿಕೊಂಡರೂ ಮೂರು ವರ್ಷ ಸೆರೆವಾಸ, ಮೂರು ಲಕ್ಷದವರೆಗೆ ದಂಡ ಎಂಬ ಅರ್ಥದ್ದು. ದೇಶವೆಲ್ಲ ಗಾಬರಿಯಾಯಿತು. ಆಗ ಬಾಂಬೆ ಹೈಕೋರ್ಟಿನಲ್ಲಿ 'ಡಿಶೂಂ' ಎಂಬ ಹಿಂದಿ ಚಿತ್ರದ ಪ್ರಕರಣ ನಡೆಯುತ್ತಿತ್ತು. ನ್ಯಾಯಮೂರ್ತಿ ಗೌತಮ್ ಪಟೇಲ್ ಈ ಎಚ್ಚರಿಕೆಯ ಭಾಷೆ ಸರಿಯಲ್ಲ ಎಂದರು. ಕೇವಲ ನೋಡುವುದು ಅಪರಾಧವಲ್ಲ. ಹಕ್ಕುದಾರರಿಗೆ ನಷ್ಟವಾಗುವಂತೆ ಹಂಚುವುದು, ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಎಂದು ಬಿಡಿಸಿ ಹೇಳಿದರು. ಈ ಮಾತನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಯಾರು ಕದ್ದರೆಂದು ಗೊತ್ತಿಲ್ಲದಿದ್ದಾಗ ಚಿತ್ರ ಕಂಪನಿಗಳು ಯಾರ ಮೇಲೆ ದಾವೆ ಹೂಡುತ್ತವೆ? ಅಮೆರಿಕಾದಲ್ಲಿ ಇಂಥ ಅನಾಮಧೇಯನಿಗೆ 'ಜಾನ್ ಡೋ' ಎನ್ನುತ್ತಾರೆ. ನಮ್ಮ ನ್ಯಾಯಾಲಯಗಳಲ್ಲಿ ಅವನ ಹೆಸರು 'ಅಶೋಕ್ ಕುಮಾರ್'. ಚಿತ್ರ ಬಿಡುಗಡೆಯಾಗುವ ಮೊದಲೇ ಅಶೋಕ್ ಕುಮಾರನ ವಿರುದ್ಧ ಆದೇಶ ತಂದು, ಇಂಟರ್‌ನೆಟ್ ಕಂಪನಿಗಳಿಂದ ತಾಣಗಳನ್ನು ಮುಚ್ಚಿಸುತ್ತಾರೆ. 2012ರಲ್ಲಿ ಧನುಷ್ ನಟಿಸಿದ '3' ಎಂಬ ತಮಿಳು ಚಿತ್ರಕ್ಕೂ ಜೂನಿಯರ್ ಎನ್.ಟಿ.ಆರ್. ಅವರ 'ದಮ್ಮು' ಚಿತ್ರಕ್ಕೂ ಮದ್ರಾಸ್ ಹೈಕೋರ್ಟಿನಿಂದ ಇಂಥ ಆದೇಶ ಬಂತು. ಇಂಟರ್‌ನೆಟ್ ಕಂಪನಿಗಳು ಯಾವ ತಪ್ಪೂ ಮಾಡದ ತಾಣಗಳನ್ನೂ ಸೇರಿಸಿ ಮುಚ್ಚಿಬಿಟ್ಟವು. ಇಡೀ ತಾಣವನ್ನಲ್ಲ, ಆ ಚಿತ್ರವಿರುವ ನಿರ್ದಿಷ್ಟ ಪುಟವನ್ನು ಮಾತ್ರ ತಡೆಯಿರಿ ಎಂದು ನ್ಯಾಯಾಲಯವೇ ಜೂನ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು.

ಅಮೆರಿಕಾದಲ್ಲಿ ಹಾಗಲ್ಲ, ಅಲ್ಲಿ ಮನೆಬಾಗಿಲಿಗೇ ಬಂದರು. ಮೊದಲು ಸಂಗೀತ ಕಂಪನಿಗಳು 2003ರ ಸೆಪ್ಟೆಂಬರ್‌ನಲ್ಲಿ 261 ಮಂದಿಯ ಮೇಲೆ ಒಮ್ಮೆಗೇ ದಾವೆ ಹೂಡಿದವು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಒಬ್ಬ ಬಾಲಕಿಯೂ ಇದ್ದಳು. ಅವಳ ತಾಯಿ 2,000 ಡಾಲರ್ ಕೊಟ್ಟು ಬಿಡಿಸಿಕೊಂಡರು. ಮಿನೆಸೋಟಾ ರಾಜ್ಯದ ಒಬ್ಬ ತಾಯಿಗೆ 24 ಹಾಡುಗಳಿಗಾಗಿ 2007ರಲ್ಲಿ 2,22,000 ಡಾಲರ್ ದಂಡ ಬಿತ್ತು. ಮರುವಿಚಾರಣೆಯಲ್ಲಿ ಅದು 19 ಲಕ್ಷ ಡಾಲರ್ ದಾಟಿ, ಕೊನೆಗೆ 2012ರಲ್ಲಿ ಮತ್ತೆ 2,22,000ಕ್ಕೆ ಬಂದು ನಿಂತಿತು. ಚಿತ್ರ ಕಂಪನಿಗಳು 2004ರ ನವೆಂಬರ್‌ನಲ್ಲಿ ಅದೇ ದಾರಿ ಹಿಡಿದವು. 2010ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ 'ದ ಹರ್ಟ್ ಲಾಕರ್' ಚಿತ್ರದ ನಿರ್ಮಾಪಕರು ಮೊದಲು 5 ಸಾವಿರ ಅನಾಮಧೇಯರ ಮೇಲೆ ದಾವೆ ಹಾಕಿ, ಮರುವರ್ಷದ ಹೊತ್ತಿಗೆ ಅದನ್ನು 24 ಸಾವಿರಕ್ಕೂ ಹೆಚ್ಚಿಸಿದರು. ಕೆಲವು ಸಾವಿರ ಡಾಲರ್ ಕೊಡಿ, ಇಲ್ಲವಾದರೆ ಕೋರ್ಟಿಗೆ ಬನ್ನಿ ಎಂಬ ಪತ್ರಗಳು ಹೋದವು. ಕಲ್ಯಾಣದುರ್ಗಕ್ಕೆ ಬಂದ ಫೋನಿಗೂ ಆ ಪತ್ರಕ್ಕೂ ಧಾಟಿ ಒಂದೇ ಅಲ್ಲವೇ? ಅಲ್ಲಿ ಬರೆದವರು ನಿಜವಾದ ವಕೀಲರು ಎಂಬುದಷ್ಟೇ ವ್ಯತ್ಯಾಸ.

ನಿಜ ಹೇಳಬೇಕೆಂದರೆ, ದೊಡ್ಡ ಕಂಪನಿಗಳು ಹೇಳುವ ನಷ್ಟದ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ. ಕದ್ದು ನೋಡಿದವರೆಲ್ಲ ಟಿಕೆಟ್ ಕೊಳ್ಳುತ್ತಿದ್ದರೇ? ಹಾಗೆಯೇ, 'ಟಿಕೆಟ್ ದುಬಾರಿ, ಅದಕ್ಕೇ ಕದಿಯುತ್ತಾರೆ' ಎಂಬ ಸಮಜಾಯಿಷಿಯನ್ನೂ ನಂಬುವುದಿಲ್ಲ. 2021ರಲ್ಲಿ ಆಂಧ್ರ ಸರ್ಕಾರ ಗ್ರಾಮ ಪಂಚಾಯಿತಿಯ ಸಾದಾ ಚಿತ್ರಮಂದಿರಗಳ ಕೆಳದರ್ಜೆಗೆ 5 ರೂಪಾಯಿ ದರ ಗೊತ್ತುಮಾಡಿತ್ತು. ಒಂದು ಲೋಟ ಟೀಗಿಂತ ಕಡಿಮೆ. ಚಿತ್ರಮಂದಿರದವರು ಬಾಗಿಲು ಮುಚ್ಚಿ ಪ್ರತಿಭಟಿಸಿದರು, 2022ರ ಮಾರ್ಚ್‌ನಲ್ಲಿ ದರ ಬದಲಾಯಿತು. ಆ 5 ರೂಪಾಯಿಯ ಕಾಲದಲ್ಲೂ ಕಳ್ಳಪ್ರತಿಗಳು ನಿಲ್ಲಲಿಲ್ಲ.

ಇನ್ನು ಕಳವು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಆಂಧ್ರದವರು ಮರೆಯದ ಒಂದು ಉದಾಹರಣೆಯಿದೆ. 2013ರ ಸೆಪ್ಟೆಂಬರ್‌ನಲ್ಲಿ ಪವನ್ ಕಲ್ಯಾಣ್ ನಟಿಸಿದ 'ಅತ್ತಾರಿಂಟಿಕಿ ದಾರೇದಿ' ಚಿತ್ರ ಬಿಡುಗಡೆಗೆ ಮೊದಲೇ ಹೊರಬಿತ್ತು. ಸುಮಾರು ಒಂದೂವರೆ ಗಂಟೆಯ ಭಾಗ ಕೃಷ್ಣಾ ಜಿಲ್ಲೆಯ ಪೆಡನದಲ್ಲಿ ಸಿ.ಡಿ.ಯಾಗಿ ಮಾರಾಟವಾಯಿತು. ಬಿಡುಗಡೆಯನ್ನು ಅವಸರವಾಗಿ ಸೆಪ್ಟೆಂಬರ್ 27ಕ್ಕೆ ತಂದರು. ಪೊಲೀಸರು ಹುಡುಕಿಕೊಂಡು ಹೋದಾಗ ದಾರಿ ತಲುಪಿದ್ದು ಚಿತ್ರತಂಡದ ಒಳಗೇ. ಆದರೂ ಜನ ಚಿತ್ರಮಂದಿರಕ್ಕೆ ಬಂದರು, ಚಿತ್ರ ಭರ್ಜರಿಯಾಗಿ ಓಡಿತು. ಅಭಿಮಾನಿಗಳ ಬಲವಿಲ್ಲದ ಸಣ್ಣ ಚಿತ್ರಕ್ಕೆ ಹೀಗಾಗಿದ್ದರೆ? ಸಾಲ ಮಾಡಿ ಮೊದಲ ಕನ್ನಡ ಚಿತ್ರ ತೆಗೆದವನಿಗೆ ಎರಡನೆಯ ಶುಕ್ರವಾರವೇ ಇರುವುದಿಲ್ಲ.

ಮಧ್ಯಾಹ್ನ ಕಲ್ಯಾಣದುರ್ಗ ತಲುಪಿದೆ. ಅವರು 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದರು. ಓಲೆ ತಾಯಿಯ ಕಿವಿಯಲ್ಲೇ ಇತ್ತು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ನೋಡಿದ್ದಕ್ಕೆ ಜೈಲಿಲ್ಲ ಎಂದು ನಾನು ಹೇಳಿದೊಡನೆ ತಾಯಿ ಶಿಲುಬೆ ಗುರುತು ಹಾಕಿಕೊಂಡರು. ಆದರೆ ಹುಡುಗನ ಮುಖ ಅರಳಲಿಲ್ಲ. ಕೇಳಿದಾಗ ಮೆಲ್ಲನೆ ಹೇಳಿದ: ಇಳಿಸಿಕೊಂಡದ್ದು ಟೊರೆಂಟಿನಲ್ಲಿ, ಆಮೇಲೆ ಅದರ ಲಿಂಕನ್ನು ಕಾಲೇಜಿನ ಗುಂಪಿಗೂ ಹಾಕಿದ್ದೇನೆ ಎಂದು.

ತಂದೆತಾಯಂದಿರಿಗೆ ತಿಳಿಯಲೆಂದು ಇದನ್ನು ಸ್ವಲ್ಪ ವಿವರಿಸುತ್ತೇನೆ. ಟೊರೆಂಟಿನಲ್ಲಿ ಸಿನಿಮಾ ಒಂದೇ ಕಡೆಯಿಂದ ಬರುವುದಿಲ್ಲ. ಸಾವಿರಾರು ಜನರ ಕಂಪ್ಯೂಟರಿನಿಂದ ಚೂರುಚೂರಾಗಿ ಬರುತ್ತದೆ. ನಿಮ್ಮ ಮಗನ ಕಂಪ್ಯೂಟರಿಗೆ ಬಂದ ಚೂರು ಅದೇ ಗಳಿಗೆಯಲ್ಲಿ ಅಲ್ಲಿಂದ ಬೇರೆಯವರಿಗೆ ಹೋಗುತ್ತಿರುತ್ತದೆ. ಅಂದರೆ ಅವನು ತೆಗೆದುಕೊಳ್ಳುವವನೂ ಹೌದು, ಗೊತ್ತಿಲ್ಲದೆಯೇ ಹಂಚುವವನೂ ಹೌದು. ಹರ್ಟ್ ಲಾಕರ್‌ನವರು ಸಾವಿರಾರು ಜನರನ್ನು ಹಿಡಿದದ್ದು ಈ ಹಂಚುವಿಕೆಯ ಎಳೆಯಿಂದಲೇ. ಲಿಂಕ್ ಹಾಕುವುದು ಇನ್ನೊಂದು ಹೆಜ್ಜೆ. 2019ರಲ್ಲಿ ಸುದೀಪ್ ಅವರ 'ಪೈಲ್ವಾನ್' ಬಿಡುಗಡೆಯಾದಾಗ ಕಳ್ಳಪ್ರತಿಯ ಲಿಂಕ್ ಹಂಚಿದ ಆರೋಪದ ಮೇಲೆ ಬೆಂಗಳೂರು ಪೊಲೀಸರು ನೆಲಮಂಗಲ ಕಡೆಯ ಒಬ್ಬ ಯುವಕನನ್ನು ಬಂಧಿಸಿದ್ದರು. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಇನ್ನೂ ಬಿಗಿ. ಚಿತ್ರಮಂದಿರದಲ್ಲಿ ಕ್ಯಾಮೆರಾ ಹಿಡಿದವರಿಗೂ ಆ ಪ್ರತಿಯನ್ನು ಲಾಭಕ್ಕೆ ತೋರಿಸುವವರಿಗೂ ಮೂರು ತಿಂಗಳಿಂದ ಮೂರು ವರ್ಷ ಸೆರೆವಾಸ. ದಂಡ 3 ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ ಹೋಗಬಹುದು. ನೋಡುವವರನ್ನು ಮೊದಲು ಎಚ್ಚರಿಸಿ, ನಿಲ್ಲಿಸದಿದ್ದರೆ ದಂಡ ಹಾಕುವ ನೀತಿಯನ್ನು ಪರಿಶೀಲಿಸಿ ಎಂದು ದೆಹಲಿ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಸೂಚಿಸಿತ್ತು.

ಹುಡುಗ ನನ್ನೆದುರಿಗೇ ಲಿಂಕನ್ನು ಅಳಿಸಿದ. ಅಳಿಸಿದ್ದು ಏಕೆಂದು ಗೆಳೆಯರಿಗೂ ಬರೆ ಎಂದೆ. ಅದು ಅವನಿಗೆ ಅಳಿಸುವುದಕ್ಕಿಂತ ಕಷ್ಟವಾಯಿತು. ಎರಡು ಸಲ ಬರೆದು ಎರಡು ಸಲ ಒರೆಸಿದ. ಮೂರನೆಯ ಸಲ ಕಳುಹಿಸಿದ.

ನಾನು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕದಿಯಬಾರದೆಂಬ ಕಟ್ಟಳೆಯ ಬಗ್ಗೆ ಎರಡು ಮಾತು ಸೇರಿಸಿದೆ. ಬೇರೆಯವರ ದುಡಿಮೆಯನ್ನು ಬಳಸಿಕೊಂಡರೆ ಹಿಂದಿರುಗಿಸಬೇಕು, ಗುರುಮಠದಲ್ಲಿ ನಮಗೆ ಇದನ್ನು ಪರಿಹಾರ ಸಲ್ಲಿಕೆ ಎಂದು ಕಲಿಸಿದರು, ಇತ್ಯಾದಿ. ತಂದೆ ಸುಮ್ಮನೆ ಕೇಳುತ್ತಿದ್ದವರು ಎದ್ದು ಒಳಗೆ ಹೋದರು. ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದಿಟ್ಟರು. "ಫಾದರ್, ಇದು ನಿಮ್ಮದೇ" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ನನ್ನದನ್ನು ನನಗೆ ಕೊಡುತ್ತಿದ್ದರು.

2006ರ ತಪಸ್ಸುಕಾಲ. ನಾನಾಗ ಇನ್ನೂ ಬ್ರದರ್. ಅವರ ಹಳ್ಳಿಗೆ ಸೇವಾನುಭವಕ್ಕೆ ಹೋಗಿದ್ದೆ. ಮೆಲ್ ಗಿಬ್ಸನ್ 2004ರಲ್ಲಿ ತೆಗೆದ 'ದ ಪ್ಯಾಶನ್ ಆಫ್ ದ ಕ್ರೈಸ್ಟ್' ಚಿತ್ರದ ಡಿಸ್ಕನ್ನು ಬೆಂಗಳೂರಿನ ಒಂದು ಪಾದಚಾರಿ ಮಾರ್ಗದಲ್ಲಿ 30 ರೂಪಾಯಿಗೆ ಕೊಂಡಿದ್ದೆ. ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು ಇಡೀ ಊರಿಗೆ ತೋರಿಸಿದೆ. ಚಿತ್ರದ ಮಾತು ಅರಮಾಯಿಕ್ ಮತ್ತು ಲ್ಯಾಟಿನ್, ಆದ್ದರಿಂದ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಯಾರೋ ಚಿತ್ರಮಂದಿರದಲ್ಲಿ ಕದ್ದು ತೆಗೆದ ಪ್ರತಿ ಅದು. ಕೊರಡೆಯೇಟಿನ ದೃಶ್ಯದಲ್ಲಿ ಒಬ್ಬ ಎದ್ದು ಹೋದ ತಲೆಯ ನೆರಳು ಅಡ್ಡ ಬಂತು. ಮಕ್ಕಳು ನಕ್ಕರು, ನಾನು ಗದರಿಸಿದೆ. ಕೊನೆಗೆ ಹೆಂಗಸರೆಲ್ಲ ಅಳುತ್ತಿದ್ದರು. ನನ್ನ ಸೇವಾನುಭವದ ಅತ್ಯುತ್ತಮ ದಿನ ಎಂದು ವರದಿಯಲ್ಲಿ ಬರೆದಿದ್ದೆ.

ಮುಂಬಯಿಯ ನ್ಯಾಯಮೂರ್ತಿಗಳ ಮಾತನ್ನು ನೆನಪಿನಲ್ಲಿಡಿ ಎಂದಿದ್ದೆನಲ್ಲ? ಹುಡುಗ ನೋಡಿದ್ದು ಅಪರಾಧವಲ್ಲ. ಅನುಮತಿಯಿಲ್ಲದೆ ಸಾರ್ವಜನಿಕವಾಗಿ ತೋರಿಸಿದವನು ನಾನು. ಧಾರ್ಮಿಕ ಕಾರ್ಯಕ್ರಮಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆಯಲ್ಲ ಎಂದು ಮನಸ್ಸು ಕೂಡಲೇ ವಾದ ಹೂಡಿತು. ವಿನಾಯಿತಿ ಇರುವುದು ಹಾಡಿಗೆ, ನಾಟಕಕ್ಕೆ. ಚಲನಚಿತ್ರದ ಹೆಸರು ಅಲ್ಲಿಲ್ಲ. ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ಶುಭಶುಕ್ರವಾರದ ಹಿಂದಿನ ವಾರ ಏನೇನು ತೋರಿಸುತ್ತೇವೆ, ಆ ಪ್ರತಿಗಳು ಎಲ್ಲಿಂದ ಬಂದವು ಎಂದು ಯಾರಾದರೂ ಕೇಳಿದ್ದೇವೆಯೇ?

"ಅಳಿಸಿ ಹಾಕೋದು ಸರಿ ಫಾದರ್, ಹಿಂದಿರುಗಿಸೋದು ಯಾರಿಗೆ?" ಎಂದು ಹುಡುಗ ಕೇಳಿದ. ಅವನು ತನ್ನ ಸಿನಿಮಾದ ಬಗ್ಗೆ ಕೇಳಿದನೋ ನನ್ನ ಡಿಸ್ಕಿನ ಬಗ್ಗೆಯೋ ತಿಳಿಯಲಿಲ್ಲ. ಆ ತೆಲುಗು ಚಿತ್ರ ಇನ್ನೂ ಊರಿನ ಚಿತ್ರಮಂದಿರದಲ್ಲಿ ಓಡುತ್ತಿತ್ತು. ಒಂದು ಟಿಕೆಟ್ ಕೊಂಡುಬಿಡು, ಮತ್ತೆ ನೋಡಬೇಕೆಂದೇನಿಲ್ಲ ಎಂದೆ. ನನ್ನ ಪಾಲಿನದು ಅಷ್ಟು ಸುಲಭವಾಗಿರಲಿಲ್ಲ. ಆ ರಾತ್ರಿ ಪಂಚೆಯ ಮುಂದೆ ಕುಳಿತಿದ್ದವರು ಕಡಿಮೆಯೆಂದರೂ 150 ಜನ.

ಸಂಜೆಯ ಬಸ್ಸಿಗೆ ಹುಡುಗ ನನ್ನನ್ನು ಬೈಕಿನಲ್ಲಿ ಬಿಟ್ಟ. ದಾರಿಯಲ್ಲಿ ಚಿತ್ರಮಂದಿರದ ಮುಂದೆ ನಿಲ್ಲಿಸಿ ಟಿಕೆಟ್ ಕೊಂಡ, ಒಂದಲ್ಲ, ಮೂರು. ಅಪ್ಪ ಅಮ್ಮ ಸಿನಿಮಾ ನೋಡಿ ಬಹಳ ವರ್ಷವಾಯಿತು ಫಾದರ್ ಎಂದ. ಡಿಸ್ಕ್ ನನ್ನ ಚೀಲದಲ್ಲಿತ್ತು.