ಬಂದು ಹೋಗುವ ಕಾಯಿಲೆಗೆ ಒಂದು ನೋಟ್‌ಬುಕ್

ವೈದ್ಯರ ಮುಂದೆ ಕುಳಿತಾಗ ಮಾಯವಾಗಿ, ಮನೆಗೆ ಬಂದೊಡನೆ ಮರಳುವ ಜ್ವರದ ಅನುಭವ ಎಲ್ಲರಿಗೂ ಉಂಟು. ಕಂಪ್ಯೂಟರಿಗೂ ಅಂಥ ಕಾಯಿಲೆ ಬರುತ್ತದೆ. ಬೆಳಿಗ್ಗೆ ಸಲೀಸಾಗಿ ತೆರೆದ ವೆಬ್‌ಸೈಟ್ ರಾತ್ರಿ ತೆರೆಯುವುದಿಲ್ಲ. ಐದು ನಿಮಿಷ ಕಳೆದರೆ ಏನೂ ಆಗದಂತೆ ತೆರೆದುಕೊಳ್ಳುತ್ತದೆ. ರಿಪೇರಿಯವರು ಬಂದಾಗಲಂತೂ ಎಲ್ಲವೂ ಸರಿ!

ಸಿಇಟಿ ಬರೆದ ಮಗಳಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಲೇಜುಗಳ ಆಯ್ಕೆಯನ್ನು ಇಂಟರ್‌ನೆಟ್ ಮೂಲಕ ದಾಖಲಿಸಬೇಕು; ಗಡುವಿಗೆ ಉಳಿದಿರುವುದು ನಾಲ್ಕು ದಿನ. ಅಪ್ಪ ಕೆಲಸದಿಂದ ಬಂದಮೇಲೆ ಇಬ್ಬರೂ ಕುಳಿತರೆ ಪುಟ ಅರ್ಧಕ್ಕೇ ನಿಲ್ಲುತ್ತದೆ. ‘ಆಟ ಆಡಿ ಆಡಿ ಕೆಡಿಸಿದ್ದೀಯ’ ಎಂದು ಅಮ್ಮ ಮಗನನ್ನು ಗದರುತ್ತಾರೆ. ಅಪ್ಪ ಹೊಸ ರೌಟರ್‌ನ ಬೆಲೆ ವಿಚಾರಿಸುತ್ತಾರೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕೋಣವೆಂದು ಪಕ್ಕದ ಮನೆಯ ಹುಡುಗನ ಸಲಹೆ. ಕೊನೆಗೆ ರೌಟರ್ ಆರಿಸಿ, ಕಂಪ್ಯೂಟರ್ ಆರಿಸಿ, ಬ್ರೌಸರ್ ಬದಲಿಸಿದಾಗ ಪುಟ ತೆರೆಯುತ್ತದೆ. ಮೂರರಲ್ಲಿ ಯಾವುದು ಮದ್ದಾಯಿತು? ಗೊತ್ತಿಲ್ಲ. ಮರುರಾತ್ರಿ ಮತ್ತದೇ ಕಥೆ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಫಲವನ್ನು ಬರೆದಿಡಬೇಕು. ದಿನಾಂಕ, ವೇಳೆ, ಪರದೆಯ ಮೇಲೆ ಬಂದ ಸಂದೇಶ, ಮಾಡಿದ ಬದಲಾವಣೆ – ಇಷ್ಟಕ್ಕೆ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು.

ಪುಟವೊಂದು ಮನೆಗೆ ಬರುವ ದಾರಿಯಲ್ಲಿ ಹಲವು ನಿಲ್ದಾಣಗಳಿವೆ: ವೆಬ್‌ಸೈಟಿನ ಕಂಪ್ಯೂಟರ್, ಇಂಟರ್‌ನೆಟ್ ಒದಗಿಸುವ ಕಂಪನಿಯ ತಂತಿ, ಮನೆಯ ರೌಟರ್, ವೈಫೈ ಅಲೆ, ಕೊನೆಗೆ ನಮ್ಮ ಕಂಪ್ಯೂಟರ್. ತೊಂದರೆ ಎಲ್ಲಿದೆಯೆಂದು ತಿಳಿಯಲು ಪುಟ ನಿಂತ ಆ ಗಳಿಗೆಯಲ್ಲೇ ಮೂರು ಪ್ರಶ್ನೆ ಕೇಳಬೇಕು. ಬೇರೆ ವೆಬ್‌ಸೈಟುಗಳು ತೆರೆಯುತ್ತವೆಯೇ? ಅದೇ ವೈಫೈನಲ್ಲಿರುವ ಫೋನಿನಲ್ಲಿ ಈ ಪುಟ ಬರುತ್ತದೆಯೇ? ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ? ಎಲ್ಲಿಯೂ ಈ ಒಂದು ಪುಟ ಮಾತ್ರ ಬಾರದಿದ್ದರೆ ಬಹುಮಟ್ಟಿಗೆ ದೋಷ ಆ ಕಡೆಯದು, ಕಾಯುವುದೇ ಸರಿ. ಮೊಬೈಲ್ ಡೇಟಾದಲ್ಲಿ ಮಾತ್ರ ಬಂದರೆ ರೌಟರ್ ಅಥವಾ ಕಂಪನಿಯ ತಂತಿಯನ್ನು ಶಂಕಿಸಬೇಕು. ಕಂಪ್ಯೂಟರಿನಲ್ಲಿ ಮಾತ್ರ ಬಾರದಿದ್ದರೆ ದೋಷ ಕಂಪ್ಯೂಟರಿನದು, ಇಲ್ಲವೇ ಅದಕ್ಕೂ ರೌಟರಿಗೂ ನಡುವಿನದು.

ಮುಂದಿನ ಪರೀಕ್ಷೆಗೆ ‘ಪಿಂಗ್’ ಎಂಬ ಪುಟ್ಟ ಆದೇಶವಿದೆ. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದದ್ದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು 8.8.8.8 ಎಂದು ಹಾಕಿದರೆ ನಾಲ್ಕು ಸಲ ಕೂಗು ಹೋಗುತ್ತದೆ. ನಾಲ್ಕಕ್ಕೂ ಓಗೊಟ್ಟರೆ ದಾರಿ ತೆರೆದಿದೆ. ಒಂದೆರಡು ಕಳೆದುಹೋದರೆ ದಾರಿಯಲ್ಲಿ ಎಲ್ಲೋ ಗುಂಡಿಯಿದೆ.

ಸಂಖ್ಯೆಗೆ ಉತ್ತರ ಬಂದರೂ ವೆಬ್‌ಸೈಟುಗಳ ಹೆಸರು ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿದ್ದರೆ? ಆಗ ಡಿಎನ್ಎಸ್ ನೋಡಬೇಕು. ಹೆಸರು ಕೊಟ್ಟರೆ ಸಂಖ್ಯೆಯ ವಿಳಾಸ ತಿಳಿಸುವ ಈ ಏರ್ಪಾಡನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಸಾಮಾನ್ಯವಾಗಿ ಇಂಟರ್‌ನೆಟ್ ಕಂಪನಿಯೇ ಇದನ್ನು ಒದಗಿಸುತ್ತದೆ. ಅದು ತಡವರಿಸಿದರೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಬಳಸಿ ನೋಡಬಹುದು. ಬದಲಿಸುವ ಮುನ್ನ ಹಳೆಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಕಂಪ್ಯೂಟರಿನ ದಿನಾಂಕದ ಮೇಲೂ ಒಂದು ಕಣ್ಣಿರಲಿ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತು, ಗಡಿಯಾರ ವರ್ಷಗಟ್ಟಲೆ ಹಿಂದೆ ಹೋದರೆ ಬ್ರೌಸರ್ ಸುರಕ್ಷಿತವಲ್ಲವೆಂದು ತಡೆಯುತ್ತದೆ. ಗಡಿಯಾರ ಸರಿಪಡಿಸಬೇಕೇ ಹೊರತು ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬಾರದು.

ಈಗ ಆ ಮನೆಗೆ ಮರಳೋಣ. ಎರಡೇ ರಾತ್ರಿಯಲ್ಲಿ ಮಗಳ ನೋಟ್‌ಬುಕ್ ಮಾತಾಡತೊಡಗಿತು. ಹಜಾರದಲ್ಲಿ, ರೌಟರ್ ಪಕ್ಕ, ಫೋನಿನಲ್ಲಿ ಪುಟ ಬರುತ್ತದೆ. ಅಡುಗೆಮನೆಯ ಆಚೆ ಕೋಣೆಯ ಕಂಪ್ಯೂಟರಿನಲ್ಲಿ ಇಲ್ಲ. ತೊಂದರೆ ಬಂದದ್ದೆಲ್ಲ ಎಂಟರಿಂದ ಒಂಬತ್ತರೊಳಗೆ, ಒಮ್ಮೆಗೆ ಮೂರ್ನಾಲ್ಕು ನಿಮಿಷ. ಕಂಪ್ಯೂಟರಿಗೆ ವೈಫೈ ಬಿಟ್ಟು ರೌಟರಿನಿಂದ ತಂತಿ ಎಳೆದಾಗ ತೊಂದರೆಯೇ ಇಲ್ಲ. ಎಂಟರ ನಂತರ ಆ ಮನೆಯಲ್ಲಿ ಊಟದ ಸಿದ್ಧತೆ. ಅಮ್ಮ ಸಾರು, ಪಲ್ಯ ಬಿಸಿ ಮಾಡುವುದು ಮೈಕ್ರೋವೇವ್ ಒಲೆಯಲ್ಲಿ. ಒಲೆಯೂ, ಅವರ ವೈಫೈಯೂ ಬಳಸುವುದು ಸುಮಾರು 2.4 ಗಿಗಾಹರ್ಟ್ಸ್‌ನ ಅಲೆಗಳನ್ನೇ. ಒಲೆಯಿಂದ ಸೋರುವ ಅಲ್ಪ ಅಲೆ, ದೂರದಿಂದ ಬರುವ ಕ್ಷೀಣ ವೈಫೈಗೆ ಅಡ್ಡಬರಲು ಸಾಕು.

ಹೊಸ ರೌಟರ್ ಬೇಕಾಗಲಿಲ್ಲ, ವಿಂಡೋಸ್ ಅಳಿಸಲಿಲ್ಲ. ಉದ್ದದ ತಂತಿಯೊಂದು ಕೋಣೆಗೆ ಬಂತು. 5 ಗಿಗಾಹರ್ಟ್ಸ್ ಸೌಲಭ್ಯ ರೌಟರ್, ಕಂಪ್ಯೂಟರ್ ಎರಡರಲ್ಲೂ ಇದ್ದರೆ ಅದನ್ನು ಆರಿಸಿಕೊಂಡರೂ ಆದೀತು.

ಬೇರೆ ಮನೆಯಲ್ಲಿ ಕಾರಣ ಬೇರೆಯಿದ್ದೀತು. ದೋಷ ಕಂಪನಿಯದೇ ಆದರೂ ‘ಆಗಾಗ ಬರುವುದಿಲ್ಲ’ ಎಂಬ ದೂರಿಗಿಂತ ದಿನಾಂಕ, ವೇಳೆ ಸಹಿತ ಪಟ್ಟಿಗೆ ತೂಕ ಹೆಚ್ಚು. ಆದರೆ ಈ ಪರೀಕ್ಷೆಗಳಿಗೆ ಸಮಯ ಬೇಕು. ಗಡುವಿನ ಕೊನೆಯ ರಾತ್ರಿ ಅದಿರುವುದಿಲ್ಲ. ಆ ರಾತ್ರಿ ಫೋನಿನ ಹಾಟ್‌ಸ್ಪಾಟ್ ಹಿಡಿದು ಮೊದಲು ಅರ್ಜಿ ಮುಗಿಸುವುದೇ ಜಾಣತನ. ಶುಲ್ಕ ಕಟ್ಟುವಾಗ ಪುಟ ನಿಂತರೆ, ಹಣ ಹೋಗಿದೆಯೇ ಎಂದು ಬ್ಯಾಂಕ್ ಖಾತೆ ನೋಡದೆ ಮತ್ತೆ ಗುಂಡಿ ಒತ್ತಬಾರದು.

ಅಂದಹಾಗೆ, ಆ ಮನೆಯ ಮಗ ನಿರಪರಾಧಿಯೆಂದೂ ನೋಟ್‌ಬುಕ್ಕೇ ಸಾಬೀತು ಮಾಡಿತು.