ಚೀಲ ಕಾಯುವವರು

"ಅಜ್ಜಿ ಬರದಿದ್ರೆ ಬ್ಯಾಗ್ ಯಾರು ನೋಡ್ಕೋತಾರೆ?"

ಹನ್ನೊಂದು ವರ್ಷದ ನನ್ನ ಮಗ ಇದನ್ನು ಕೇಳಿದ್ದು ಕಳೆದ ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ, ಬ್ರ್ಯಾಂಪ್ಟನ್ನಿನ ನಮ್ಮ ಮನೆ ಬಾಗಿಲಲ್ಲಿ, ಷೂ ಲೇಸು ಕಟ್ಟಿಕೊಳ್ಳುತ್ತಾ. ಆ ವರ್ಷ ಎರಡನೇ ಸಲ ನಾವು ಕೆನಡಾಸ್ ವಂಡರ್‌ಲ್ಯಾಂಡಿಗೆ ಹೊರಟಿದ್ದೆವು. ಅಮ್ಮ ಮಾತ್ರ "ನೀವು ಹೋಗ್ಬನ್ನಿ ಕಣಪ್ಪ, ನಾನು ಬರಲ್ಲ" ಅಂದಿದ್ದಳು. ಹುಡುಗ ಕೆಟ್ಟವನಲ್ಲ, ಅಜ್ಜಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಾನೆ. ಗದರಿಸಬೇಕೆಂದು ಬಾಯಿ ತೆರೆದೆ, ಮಾತು ಬರಲಿಲ್ಲ. ಎರಡು ವರ್ಷದಿಂದ ನಾನೂ ನನ್ನ ಹೆಂಡತಿಯೂ ಬಾಯಿಬಿಟ್ಟು ಹೇಳದೆ ನಡೆಸಿಕೊಂಡು ಬಂದದ್ದನ್ನೇ ಅವನು ಕೇಳಿದ್ದ.

ಊರಿನ ಓದುಗರಿಗಾಗಿ ಈ ಜಾಗದ ಬಗ್ಗೆ ನಾಲ್ಕು ಮಾತು. ಟೊರಾಂಟೊದಿಂದ ಉತ್ತರಕ್ಕೆ, ವಾನ್ ನಗರದಲ್ಲಿ, 400ನೇ ಹೆದ್ದಾರಿಯ ಪಕ್ಕದಲ್ಲಿ 1981ರಲ್ಲಿ ತೆರೆದ ಉದ್ಯಾನ ಇದು. ಬಿಡದಿಯ ವಂಡರ್‌ಲಾ ನೋಡಿದವರು ಅದನ್ನು ಹಲವು ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಬಹುದು. ನಡುವೆ ಕಟ್ಟಿ ನಿಲ್ಲಿಸಿದ ಕೃತಕ ಬೆಟ್ಟ, ಅದರಿಂದ ಧುಮುಕುವ ಜಲಪಾತ. ಸುತ್ತಲೂ ರೋಲರ್ ಕೋಸ್ಟರುಗಳು. 2012ರಲ್ಲಿ ಬಂದ ಲೆವಯಾಥನ್ 93 ಮೀಟರ್ ಎತ್ತರಕ್ಕೆ ಏರಿ ಗಂಟೆಗೆ 148 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತದೆ. ಅದಕ್ಕೂ ಮೊದಲು 2008ರಲ್ಲಿ ಬೆಹೆಮತ್, ಆಮೇಲೆ 2019ರಲ್ಲಿ ಯೂಕಾನ್ ಸ್ಟ್ರೈಕರ್. ಚಳಿಯ ದೇಶವಾದ್ದರಿಂದ ವರ್ಷವಿಡೀ ಇವು ಓಡುವುದಿಲ್ಲ. ಬಿಸಿಲಿರುವ ನಾಲ್ಕಾರು ವಾರಾಂತ್ಯಗಳಲ್ಲಿ ಊರಿಗೆ ಊರೇ ಅಲ್ಲಿರುತ್ತದೆ. ನಾನೂ ಲೆವಯಾಥನ್ ಏರಿದ್ದೇನೆ, ಕೈ ಮೇಲೆತ್ತಿ ಕಿರುಚಿದ್ದೇನೆ. ಆ ಸಂತೋಷವನ್ನು ಹಳಿಯಲು ನಾನು ಇದನ್ನು ಬರೆಯುತ್ತಿಲ್ಲ. ಆ ಸಂತೋಷದ ಖರ್ಚನ್ನು ಯಾರ ಲೆಕ್ಕಕ್ಕೆ ಬರೆದೆವು ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲ ಸಲ ಹೋದಾಗಿನ ಲೆಕ್ಕ ಹೀಗಿದೆ. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರಾನ್ನ ಕಲೆಸಿದ್ದಳು. ಪಾರ್ಕಿಂಗ್ ಜಾಗದಲ್ಲಿ ಡಿಕ್ಕಿ ತೆರೆದು ನಿಂತುಕೊಂಡೇ ತಿಂದೆವು. ಹನ್ನೊಂದಕ್ಕೆ ಒಳಗೆ ಹೋಗಿ ಸಂಜೆ ಏಳಕ್ಕೆ ಹೊರಗೆ ಬಂದೆವು. ಒಂದೊಂದು ಸಾಲಿನಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ನಿಂತರೆ ಸವಾರಿ ಮೂರು ನಿಮಿಷ. ಈ ಎಂಟು ಗಂಟೆಯಲ್ಲಿ ಅಮ್ಮ ಐದೂವರೆ ಗಂಟೆ ಬೆಂಚಿನ ಮೇಲಿದ್ದಳು. ಮಡಿಲಲ್ಲಿ ಮೂರು ಫೋನು, ಎರಡು ಕನ್ನಡಕ, ಕಾರಿನ ಕೀ, ಒದ್ದೆ ಟವೆಲ್ಲು, ಮಗಳು ಆಟದಲ್ಲಿ ಗೆದ್ದ ಒಂದು ಗೊಂಬೆ ಕರಡಿ.

ವಾಪಸ್ಸು ಬರುವಾಗ ಕಾರಿನಲ್ಲಿ ಅಮ್ಮ ಒಂದು ಸಂಗತಿ ಹೇಳಿದಳು. ಮಧ್ಯಾಹ್ನ ಬಾತ್‌ರೂಮಿಗೆ ಹೋಗಬೇಕಾಗಿತ್ತು, ಚೀಲ ಬಿಟ್ಟು ಹೇಗೆ ಏಳುವುದೆಂದು ತಡೆದುಕೊಂಡು ಕೂತಿದ್ದಳಂತೆ. ಅದೇ ಬೆಂಚಿನಲ್ಲಿ ಒಬ್ಬ ಪಂಜಾಬಿ ಅಜ್ಜಿ, ಅವರ ಕಾಲ ಬಳಿಯೂ ಇಷ್ಟೇ ಚೀಲ. ಇವಳಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಕೊನೆಗೆ ಕೈಸನ್ನೆ ಮಾಡಿ, ಒಬ್ಬರ ಚೀಲ ಇನ್ನೊಬ್ಬರು ನೋಡಿಕೊಂಡು, ಸರದಿಯ ಮೇಲೆ ಹೋಗಿಬಂದರಂತೆ. ಅಮ್ಮ ಇದನ್ನು ನಗುತ್ತಾ ಹೇಳಿದಳು. ನಾವೂ ನಕ್ಕೆವು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ನಾಲ್ವರಿಗೂ ಹೊಳೆಯದ 'ಸರದಿ' ಎಂಬ ಪದಾರ್ಥ, ಮಾತೇ ತಿಳಿಯದ ಇಬ್ಬರು ಮುದುಕಿಯರಿಗೆ ಹೊಳೆದಿತ್ತು ಎಂಬುದು ನನಗೆ ತಲೆಗೆ ಹೋಗಿದ್ದು ಮಗನ ಪ್ರಶ್ನೆಯ ಮೇಲೆಯೇ. ಆ ರಾತ್ರಿ ಅಮ್ಮ ನಂಜನಗೂಡಿನ ತಂಗಿಗೆ ಫೋನಿನಲ್ಲಿ, "ಬಹಳ ಚೆನ್ನಾಗಿತ್ತು ಕಣೆ, ಎಲ್ಲಾ ನೋಡಿದೆ" ಅಂದಳು. ಮಗನ ಮಾನ ಕಾಯುವ ಕೆಲಸವೂ ಅವಳದೇ.

ಇದು ನನ್ನ ಮನೆಯ ಕಥೆ ಮಾತ್ರ ಅಲ್ಲ ಎಂದು ನಿಮಗೂ ಗೊತ್ತು. ನಮ್ಮ ತಂದೆತಾಯಿ ಇಲ್ಲಿಗೆ ಬರುವ ದಾರಿಯ ಹೆಸರು ಸೂಪರ್ ವೀಸಾ. 2011ರ ಡಿಸೆಂಬರಿನಲ್ಲಿ ಶುರುವಾಯಿತು. ಆಗ ಒಮ್ಮೆ ಬಂದರೆ ಎರಡು ವರ್ಷ ಇರಬಹುದಿತ್ತು, 2022ರ ಜುಲೈನಿಂದ ಐದು ವರ್ಷ. ಕನಿಷ್ಠ ಒಂದು ಲಕ್ಷ ಡಾಲರಿನ ವೈದ್ಯಕೀಯ ವಿಮೆ ಮಾಡಿಸಬೇಕು, ಕರೆಸಿಕೊಳ್ಳುವವರ ಆದಾಯ ಇಷ್ಟಿರಬೇಕು ಎಂಬ ಕರಾರುಗಳಿವೆ. ಸರ್ಕಾರದ ಕಾಗದದಲ್ಲಿ ಅಮ್ಮ 'ವಿಸಿಟರ್'. ಸಂದರ್ಶಕಳಾದ್ದರಿಂದ ಹೊರಗೆ ಸಂಬಳಕ್ಕೆ ದುಡಿಯುವಂತಿಲ್ಲ. ನಮ್ಮ ಅಡುಗೆಮನೆಯಲ್ಲಿ ಆ ನಿಯಮ ಜಾರಿಯಲ್ಲಿಲ್ಲ. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ಕರೆತರುವುದು, ಸಂಜೆಯ ತಿಂಡಿ, ರಾತ್ರಿಯ ಸಾರು, ಮಡಿಸಬೇಕಾದ ಬಟ್ಟೆ, ಎಲ್ಲ ಅವಳದೇ. ವಿಮೆಯ ಕಂತು ಕಟ್ಟಿದ್ದನ್ನು ಪಾರ್ಟಿಗಳಲ್ಲಿ ಹೇಳಿಕೊಳ್ಳುತ್ತೇವೆ. ಉಳಿದ ಡೇಕೇರ್ ದುಡ್ಡಿನ ಮಾತೆತ್ತುವುದಿಲ್ಲ.

ಇದಕ್ಕೆ ಪ್ರತಿಯಾಗಿ ವರ್ಷಕ್ಕೊಮ್ಮೆ ನಯಾಗರ, ಒಮ್ಮೆ ಸಿ.ಎನ್. ಟವರ್, ಒಮ್ಮೆ ವಂಡರ್‌ಲ್ಯಾಂಡ್. "ಅಮ್ಮನಿಗೆ ಎಲ್ಲಾ ತೋರಿಸಿದ್ವಿ" ಎಂದು ಫೋಟೋ ಹಾಕುತ್ತೇವೆ. ತೋರಿಸಿದ್ದು ಅಮ್ಮನಿಗೋ, ಊರಿನವರಿಗೋ?

ಈ ಮಾತೆತ್ತಿದಾಗ ಗೆಳೆಯರು ಕೊಡುವ ಉತ್ತರಗಳು ನನಗೆ ಬಾಯಿಪಾಠ, ಏಕೆಂದರೆ ನಾನೂ ಅವನ್ನೇ ಕೊಡುತ್ತಿದ್ದೆ. ಮೊದಲನೆಯದು, "ಮೊಮ್ಮಕ್ಕಳು ಖುಷಿಪಟ್ಟರೆ ಅವರಿಗೂ ಖುಷಿ." ನಿಜ. ಆದರೆ ಒಂದು ಖುಷಿ ಇನ್ನೊಂದಕ್ಕೆ ಬದಲಿಯಲ್ಲ. "ನಂಗೇನೂ ಬೇಡ" ಎಂಬುದು ನಮ್ಮ ಕಡೆ ಸಂಕೋಚದ ಮಾತು. ನೆಂಟರ ಮನೆಯಲ್ಲಿ ಯಾರಾದರೂ ಹಾಗಂದರೆ ಮೂರು ಸಲ ಬಲವಂತ ಮಾಡಿ ಬಡಿಸುತ್ತೇವೆ. ಹೆತ್ತವಳು ಅಂದರೆ ಮಾತ್ರ ಒಂದೇ ಸಲಕ್ಕೆ ನಂಬಿಬಿಡುತ್ತೇವೆ. ಎರಡನೆಯದು, "ಒಬ್ಬರನ್ನೇ ಮನೆಯಲ್ಲಿ ಬಿಟ್ಟುಹೋಗೋಕಾಗುತ್ತಾ?" ಊರಿನಲ್ಲಿ ಒಬ್ಬಳೇ ಬ್ಯಾಂಕಿಗೆ ಹೋಗಿ, ಸಂತೆ ಮಾಡಿ, ಗ್ಯಾಸಿನವನ ಹತ್ತಿರ ಜಗಳ ಆಡಿ ಬರುತ್ತಿದ್ದ ಹೆಂಗಸು ಇಲ್ಲಿ ಒಬ್ಬಳೇ ಇರಲಾಗದವಳಾದದ್ದು ಯಾಕೆ? ಕಾರಿಲ್ಲದೆ ಹಾಲು ತರಲೂ ಆಗದ ಬಡಾವಣೆಯಲ್ಲಿ ಮನೆ ಮಾಡಿದವರು ನಾವು. ಮೂರನೆಯದು, "ಚೀಲ ಇಡೋಕೆ ಬೇರೆ ದಾರಿ ಏನಿದೆ?" ಅಲ್ಲಿ ಬಾಡಿಗೆಯ ಲಾಕರುಗಳಿವೆ. ದುಡ್ಡು ಕೊಡಬೇಕು. ನಾಲ್ಕು ಜನರ ಟಿಕೆಟ್ಟು, ಪಾರ್ಕಿಂಗು, ಐಸ್‌ಕ್ರೀಮಿಗೆ ಲೆಕ್ಕವಿಡದ ನಾವು ಉಳಿಸಿದ್ದು ಅದೊಂದನ್ನು.

ಇಲ್ಲಿಯವರೆಗೆ ಓದಿ "ನಮ್ಮೂರ ಜಾತ್ರೆಯೇ ವಾಸಿ" ಎನ್ನುವ ಊರಿನ ಓದುಗರಿಗೂ ಒಂದು ಮಾತಿದೆ. ನಂಜನಗೂಡಿನ ದೊಡ್ಡ ಜಾತ್ರೆಗೆ ಚಿಕ್ಕಂದಿನಲ್ಲಿ ನಾನೂ ಹೋಗಿದ್ದೇನೆ. ಅಲ್ಲಿಯೂ ಬುತ್ತಿಯ ಗಂಟು ಕಾಯುತ್ತಿದ್ದವಳು ನನ್ನ ಅಜ್ಜಿಯೇ. ಜಾತ್ರೆಯೆಂದರೆ ಎಲ್ಲರೂ ಸರಿಸಮಾನರಾದ ಜಾಗ ಎಂದು ನಾನು ಹೇಳಲಾರೆ. ತೇರಿನ ಹಗ್ಗಕ್ಕೆ ಯಾರು ಕೈ ಹಾಕಬೇಕು, ಯಾರು ದೂರ ನಿಲ್ಲಬೇಕು ಎಂಬ ಲೆಕ್ಕ ನಮ್ಮ ನಾಡಿನ ಎಷ್ಟೋ ಜಾತ್ರೆಗಳಲ್ಲಿ ನಡೆದಿದೆ. ಆದರೆ ಒಂದು ವ್ಯತ್ಯಾಸವಂತೂ ಇತ್ತು. ಐದು ತೇರುಗಳು ಅಜ್ಜಿ ಕೂತ ಜಗಲಿಯ ಮುಂದೆಯೇ ಹಾದುಹೋಗುತ್ತಿದ್ದವು. ದೊಡ್ಡದಾದ ಗೌತಮ ರಥ ಬಂದಾಗ ಅವಳು ಕೂತಲ್ಲಿಂದಲೇ ಎದ್ದು ಹಣ್ಣು ಜವನ ಎಸೆಯುತ್ತಿದ್ದಳು. ಗಂಟು ಕಾದರೂ ಜಾತ್ರೆ ಅವಳದೂ ಆಗಿತ್ತು. ಲೆವಯಾಥನ್ ಯಾವ ಬೆಂಚಿನ ಮುಂದೆಯೂ ಬಂದು ನಿಲ್ಲುವುದಿಲ್ಲ. ಅಲ್ಲಿ ಕೂತವರ ಪಾಲಿಗೆ ಬರುವುದು ಕಿರುಚಾಟ ಮಾತ್ರ.

ಹಾಗೆಂದು ಬೆಂಗಳೂರಿನವರು ಬೀಗುವಂತಿಲ್ಲ. ಹಳ್ಳಿಯಿಂದ ಅಪ್ಪ ಅಮ್ಮನನ್ನು ಹನ್ನೆರಡನೇ ಮಹಡಿಯ ಫ್ಲಾಟಿಗೆ ಕರೆತಂದು ಮಗುವನ್ನು ಕೈಗಿಟ್ಟು ಆಫೀಸಿಗೆ ಹೋಗುವವರು ಅಲ್ಲೂ ಇದ್ದಾರೆ. ಬಿಡದಿಯಲ್ಲೂ ಬೆಂಚುಗಳಿವೆ. ಅವಕ್ಕೆ ವೀಸಾ ಬೇಕಿಲ್ಲ, ಅಷ್ಟೇ.

ಆ ಶನಿವಾರ ಹೆಂಡತಿ ಮಕ್ಕಳು ಹೋದರು. ನಾನು ಉಳಿದೆ. "ಎಲ್ಲಿಗೆ ಹೋಗೋಣ ಹೇಳಮ್ಮ" ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಇಲ್ಲಿ ಏನೇನಿದೆ ಅಂತ ನಂಗೇನು ಗೊತ್ತಪ್ಪ" ಅಂದಳು. ಎರಡು ವರ್ಷ ಒಂದು ಊರಿನಲ್ಲಿದ್ದವಳ ಮಾತಿದು. ಆಮೇಲೆ ಕೇಳಿದಳು: "ಬಸ್ಸಿನಲ್ಲಿ ಹೋಗೋದು ಹೇಗೆ ಅಂತ ತೋರಿಸ್ತೀಯಾ?"

ಅವಳಿಗೆ ಬೇಕಾಗಿದ್ದದ್ದು ನಾನು ತೋರಿಸುವ ಜಾಗವಲ್ಲ, ತಾನೇ ಹೋಗಿಬರುವ ದಾರಿ. ಕ್ವೀನ್ ಸ್ಟ್ರೀಟಿನಲ್ಲಿ 501ನೇ ನಂಬರಿನ ಬಸ್ಸು ಹತ್ತಿದೆವು. ಕಾರ್ಡು ಎಲ್ಲಿ ತಟ್ಟಬೇಕು, ಇಳಿಯಲು ಯಾವ ಹಳದಿ ದಾರ ಎಳೆಯಬೇಕು ಎಂದು ತೋರಿಸಿದೆ. ಬರುವಾಗ ದಾರ ಎಳೆದದ್ದು ಅವಳೇ. ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಬಸ್ಸಿನ ನಂಬರು, ನಿಲ್ದಾಣದ ಹೆಸರು ಕನ್ನಡದಲ್ಲಿ ಬರೆದಿಟ್ಟುಕೊಂಡಳು.

ಇಷ್ಟರಿಂದ ನಾನು ಒಳ್ಳೆಯ ಮಗನಾದೆ ಎಂದು ಹೇಳಿಕೊಳ್ಳುತ್ತಿಲ್ಲ. ಎರಡು ವರ್ಷ ತಡವಾಗಿ ಒಂದು ಬಸ್ಸು ತೋರಿಸಿದೆ. ಆದರೆ ನೀವು ಈ ಬೇಸಿಗೆಯಲ್ಲಿ ಹೊರಡುವ ಮೊದಲು ಮೂರು ಕೆಲಸ ಮಾಡಿ ಎಂದು ಕೇಳುತ್ತೇನೆ. ಲಾಕರಿಗೆ ದುಡ್ಡು ಕೊಡಿ. ಬೆಂಚಿನ ಮೇಲೆ ಸರದಿಯಲ್ಲಿ ನೀವೂ ಕೂತುಕೊಳ್ಳಿ, ಮಕ್ಕಳನ್ನೂ ಕೂರಿಸಿ. ಬರಲ್ಲ ಅಂದ ಅಮ್ಮನನ್ನು ಎಲ್ಲಿಗೆ ಹೋಗಬೇಕು ಎಂದು ಕೇಳಿ, ಒಂದು ಸಲ ಅಲ್ಲ, ನೆಂಟರಿಗೆ ಬಡಿಸುವಾಗ ಕೇಳುವಂತೆ ಮೂರು ಸಲ. ಇಲ್ಲದಿದ್ದರೆ ನಮ್ಮ ಮಕ್ಕಳು ಕಲಿಯುವ ಪಾಠ ಒಂದೇ. ಇನ್ನು ಮೂವತ್ತು ವರ್ಷಕ್ಕೆ ಆ ಬೆಂಚಿನ ಮೇಲೆ ಚೀಲ ಹಿಡಿದು ಕೂರುವವರು ನಾವೇ.