ಕ್ಯಾಲೆಂಡರಿನಲ್ಲಿ ಇಲ್ಲದ ಲೆಕ್ಕ

ಮಕ್ಕಳೇ,

ನಮ್ಮ ಅಡುಗೆಮನೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಹಾಲು ಹೆಚ್ಚಿಗೆ ತಗೊಂಡ ದಿನ, ಗ್ಯಾಸ್ ಬಂದ ದಿನ, ಪೇಪರ್ ಬಾರದ ದಿನ, ಎಲ್ಲಕ್ಕೂ ಅದರಲ್ಲಿ ಗುರುತು. "ಲೆಕ್ಕದಲ್ಲಿ ನಮ್ಮಜ್ಜಿ ಪಕ್ಕಾ" ಎಂದು ಮೊಮ್ಮಗ ಹೇಳಿದರೆ ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆ ಹೋದ ವರ್ಷ ಇಳಿಯಿತು.

ಸರಸ್ವತಿಪುರಂನ ನಮ್ಮ ಹಳೇ ಮನೆಗೆ ಮಹಡಿ ಕಟ್ಟಿಸುತ್ತಿದ್ದೆವು. ಗಾರೆ ಕೆಲಸಕ್ಕೆ ಬರುತ್ತಿದ್ದವರಲ್ಲಿ ಒಬ್ಬ ತಾಯಿ ಇದ್ದರು. ದಿನವಿಡೀ ಬಾಂಡ್ಲಿ ಹೊತ್ತು ಹತ್ತಿ ಇಳಿಯುತ್ತಿದ್ದರು. ಸಂಜೆ ಆರನೇ ತರಗತಿಯ ಮಗಳು ತಮ್ಮನ ಕೈ ಹಿಡಿದು ಬಂದು, ಮರಳಿನ ಗುಡ್ಡೆ ಪಕ್ಕ ಕೂತು ಓದಿಕೊಳ್ಳುತ್ತಿದ್ದಳು.

ಕೆಲಸ ಮುಗಿದು ಎರಡು ವಾರವಾಗಿತ್ತು. ತಾಯಿ ಮಗಳು ಗೇಟಿನ ಬಳಿ ಬಂದು ನಿಂತರು.

"ಅಮ್ಮಾವ್ರೇ, ನಿಮ್ಮನೇಲಿ ಎಷ್ಟು ದಿವ್ಸ ಕೆಲ್ಸ ಮಾಡಿದೀನಿ ಅಂತ ಬರ್ದು ಸೈನ್ ಹಾಕ್ಕೊಡಿ. ಕಾರ್ಡ್ ಮಾಡಿಸ್ಬೇಕು. ಕಾರ್ಡ್ ಇದ್ರೆ ಮಗೂಗೆ ಸ್ಕಾಲರ್‌ಶಿಪ್ ಬರುತ್ತಂತೆ."

ಯಾವ ಕಾರ್ಡ್ ಗೊತ್ತೇ? ಕಟ್ಟಡ ಕಟ್ಟಿಸುವವರಿಂದ ಖರ್ಚಿನ ನೂರಕ್ಕೆ ಒಂದು ರೂಪಾಯಿ ಸೆಸ್ ಪಡೆಯುವ ಏರ್ಪಾಡು 1996ರ ಕಾನೂನಿನಿಂದ ಬಂತು. ಸಣ್ಣ ಮನೆಗಳಿಗೆ ವಿನಾಯಿತಿ ಉಂಟು. ಆ ಹಣ ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅಲ್ಲಿ ಹೆಸರು ನೋಂದಾಯಿಸಿದ ಕಾರ್ಮಿಕರ ಇಬ್ಬರು ಮಕ್ಕಳ ಓದಿಗೆ ನೆರವು ಸಿಗುತ್ತದೆ. ಆದರೆ ಷರತ್ತಿದೆ. ಕಾರ್ಮಿಕರ ವಯಸ್ಸು 18ರಿಂದ 60ರೊಳಗಿರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನವಾದರೂ ಕಟ್ಟಡ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಡಬೇಕು.

ಎಲ್ಲ ಯೋಜನೆಯಲ್ಲೂ ಹೀಗಿಲ್ಲ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ ಶುರುವಾದ ಗೃಹಲಕ್ಷ್ಮಿಯಲ್ಲಿ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ. ಅಲ್ಲಿ ಆಕೆಯೋ ಗಂಡನೋ ಆದಾಯ ತೆರಿಗೆ ಕಟ್ಟುತ್ತಾರೆಯೇ ಎಂದು ನೋಡುತ್ತಾರೆ. ಎಷ್ಟು ದಿನ ದುಡಿದಿರಿ ಎಂದು ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಕರಣೆ ಮುಟ್ಟದವರೂ ಈ ಕಾರ್ಡ್ ಮಾಡಿಸಿಕೊಂಡದ್ದು ಹೊರಬಿದ್ದಿದೆ. ಆದರೆ ನಿಜವಾಗಿ ದುಡಿದವರ ಪುರಾವೆ ಯಾರ ಕೈಯಲ್ಲಿದೆ? ಕೆಲಸ ಮಾಡಿಸಿದ ನಮ್ಮಂಥವರ ಕೈಯಲ್ಲಿ!

ನಾನು ಕ್ಯಾಲೆಂಡರ್ ಮುಂದೆ ನಿಂತೆ. ಹಾಲಿನ ಲೆಕ್ಕ ಇತ್ತು, ಸಿಮೆಂಟ್ ಮೂಟೆಯ ಲೆಕ್ಕ ಇತ್ತು. ಆಕೆ ಬಂದ ದಿನಗಳ ಲೆಕ್ಕ ಇರಲಿಲ್ಲ. ಶನಿವಾರದ ಬಟವಾಡೆ ಮಾಡುತ್ತಿದ್ದ ಮೇಸ್ತ್ರಿಗೆ ಫೋನ್ ಮಾಡಿದೆ. "ಅದನ್ನೆಲ್ಲ ಯಾರಮ್ಮ ಬರ್ದಿಡ್ತಾರೆ?" ಅಂದರು. ಅಂದಾಜಿನ ಮೇಲೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ. ಬರಿಗೈಲಿ ಕಳಿಸಲೂ ಆಗಲಿಲ್ಲ.

ಆಗ ಆ ಹುಡುಗಿ ತನ್ನ ನೋಟ್‌ಬುಕ್ಕಿನ ಕೊನೇ ಪುಟ ತೆರೆದಳು. ತಾರೀಖು, ಪಕ್ಕದಲ್ಲಿ ಒಂದೊಂದು ಗೀಟು.

"ಅಮ್ಮ ಕೆಲ್ಸಕ್ಕೆ ಹೋದ ದಿನ ತಮ್ಮನ್ನ ನೋಡ್ಕೊಳ್ಳೋಳು ನಾನೇ ಅಜ್ಜಿ. ಅದಕ್ಕೆ ಗೀಟು ಹಾಕ್ತಿದ್ದೆ."

ಕ್ಯಾಲೆಂಡರ್ ಜೊತೆ ಹೋಲಿಸಿ ನೋಡಿದೆವು. ಮೋಲ್ಡ್ ಹಾಕಿದ ದಿನ ಗೀಟು ಇತ್ತು. ಮಳೆಗೆ ಕೆಲಸ ನಿಂತ ದಿನ ಗೀಟು ಇರಲಿಲ್ಲ. ಮೊಮ್ಮಗ ಎರಡು ಸಲ ಎಣಿಸಿದ: 67 ದಿನ. ಅಷ್ಟಕ್ಕೆ ಬರೆದು ಸಹಿ ಹಾಕಿದೆ. ಉಳಿದ 23 ದಿನಕ್ಕೆ ಅವರು ಅದೇ ನೋಟ್‌ಬುಕ್ ಹಿಡಿದು ಹಿಂದಿನ ಮನೆಯವರ ಬಾಗಿಲಿಗೆ ಹೋದರು. ಅಲ್ಲೂ ಸಹಿ ಸಿಕ್ಕಿತಂತೆ. ಅರ್ಜಿ ಹೋಗಿದೆ, ಉತ್ತರಕ್ಕೆ ಕಾಯುತ್ತಿದ್ದಾರೆ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಗಾರೆ ಕೆಲಸ ನಡೆದರೆ, ಹಾಲಿನ ಲೆಕ್ಕದ ಪಕ್ಕದಲ್ಲೇ ಬಂದವರ ಹೆಸರು, ದಿನ ಬರೆದಿಡಿ. ಮಕ್ಕಳೇ, ಅವರು ಮರೆತರೆ ನೀವು ಬರೆಯಿರಿ. ನಮ್ಮ ಮನೆಯಲ್ಲಿ ಈಗ ಕಾಂಪೌಂಡ್ ರಿಪೇರಿ ನಡೆದಿದೆ. ಕೆಂಪು ಪೆನ್ನು ಮೊಮ್ಮಗನ ಕೈಯಲ್ಲಿದೆ.

ನಿಮ್ಮ ಪ್ರೀತಿಯ,
ಅಜ್ಜಿ